ಹಡಗಿನಲ್ಲಿ ಮಲಗುವ ಕೆಲಸ

ಲೂಮೋಯ ದ್ವೀಪ
ಫೆಬ್ರವರಿ ೮, ೨೦೦೪

ಊನ್ನಿ,

ನಮ್ಮ ಸಂಬಳದ ಮಾತುಕತೆಯಲ್ಲಿ ನೀನು ಮಾಲೀಕರ ಕಡೆ ಕೂರುತ್ತೀಯಂತೆ. ಹೇಳಿದ್ದು ನೀನಲ್ಲ, ರೇಡಿಯೋ. ಮೀನು ಹೆಚ್ಚುತ್ತಿದ್ದ ಓಡ್ವಾರ್ ಚಾಕು ಹಿಡಿದುಕೊಂಡೇ ಓಡಿಬಂದು, "ಫೆರಿ ಕಂಪನಿ ಪರ ಮಾತಾಡೋ ವಕೀಲೆ ಯಾರು ಗೊತ್ತಾ? ನಿನ್ನ ತಂಗಿ ಕಣೇ!" ಎಂದ. ಮದುವೆಯಾದಾಗಿನಿಂದ ನನ್ನ ಗಂಡ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅನ್ನುತ್ತಾರೆ. ಅಕ್ಕತಂಗಿಯರಿಗೂ ಅದೇ ಗತಿ ಅಂತ ಈಗ ಗೊತ್ತಾಯಿತು.

ಇರಲಿ. ಮಾಲೀಕರ ಕೋಣೆಯಲ್ಲಿ ಕಾಫಿ ಚೆನ್ನಾಗಿರುತ್ತದಂತೆ, ಕುಡಿ. ಆದರೆ ನಾವು ಏನು ಕೇಳುತ್ತಿದ್ದೇವೆ ಅನ್ನುವುದನ್ನು ಮೊದಲು ನನ್ನ ಬಾಯಿಂದ ಕೇಳಿಕೋ. ಕಂಪನಿಯವರ ಬಾಯಿಗೆ ಬರುವಷ್ಟರಲ್ಲಿ ಅದು ಬೇರೆಯೇ ಆಗಿರುತ್ತದೆ.

ಕೊನೆಯ ಸುತ್ತು ಮುಗಿದ ಮೇಲೆ ಫೆರಿ ನಮ್ಮ ದ್ವೀಪದ ಕಟ್ಟೆಗೇ ಬಂದು ನಿಲ್ಲುತ್ತದೆ. ಇಲ್ಲಿ ಯಾರಿಗಾದರೂ ಮೈಗೆ ಹುಷಾರು ತಪ್ಪಿದರೆ ಆಚೆ ದಡದ ಆಸ್ಪತ್ರೆಗೆ ಒಯ್ಯಬೇಕಲ್ಲ. ಅದಕ್ಕೆ ಕ್ಯಾಪ್ಟನ್, ಇಂಜಿನ್ ನೋಡುವವನು, ಹಗ್ಗ ಬಿಚ್ಚಿ ಕಟ್ಟುವ ನಾನು, ಮೂವರೂ ವಾರ ಬಿಟ್ಟು ವಾರ ಹಡಗಿನಲ್ಲೇ ಮಲಗಬೇಕು, ಮಿಕ್ಕ ವಾರ ಇನ್ನೊಂದು ತಂಡ. ನನ್ನ ಮಂಚದ ಪಕ್ಕದ ದುಂಡು ಕಿಟಕಿಯಿಂದ ನನ್ನದೇ ಅಡುಗೆಮನೆ ಕಾಣುತ್ತದೆ. ಓಡ್ವಾರ್ ಲೋಟ ತೊಳೆಯುವುದು ಕಾಣುತ್ತದೆ, ಸರಿಯಾಗಿ ತೊಳೆಯದೆ ಎತ್ತಿಡುವುದೂ ಕಾಣುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಹೋಗುವ ಹಾಗಿಲ್ಲ. ಕಂಪನಿಯವರು ಇದನ್ನು ವಿಶ್ರಾಂತಿ ಅನ್ನುತ್ತಾರೆ. ಮೂರು ಗಂಟೆ ಮಲಗಿದರೆ ಒಂದು ಗಂಟೆ ಕೆಲಸ ಮಾಡಿದೆ ಅಂತ ಬರೆದುಕೊಳ್ಳುತ್ತಾರೆ. ಹೊಸ ಒಪ್ಪಂದದಲ್ಲಿ ಆ ಒಂದನ್ನೂ ಕಿತ್ತುಹಾಕಬೇಕಂತೆ. ನಾವು ಮೂರಕ್ಕೆ ಮೂರೂ ಕೆಲಸವೇ ಅನ್ನುತ್ತೇವೆ. ಜಗಳ ಇಷ್ಟೇ.

ಹಡಗಿನಲ್ಲಿ ಬೀಳುವ ಕನಸು ಬೇರೆ, ಊನ್ನಿ. ಮಲಗಿರುತ್ತೇನೆ, ಆದರೆ ಒಂದು ಕಿವಿ ಮಾತ್ರ ಹೊರಗೆ ಕಟ್ಟೆಯ ಮೇಲೆ ನಿಂತಿರುತ್ತದೆ. ಕನಸಿನಲ್ಲಿ ಎಲ್ಲಿಗೇ ಹೋಗಲಿ, ಕಾಲಲ್ಲಿ ಬೂಟು ಇದ್ದೇ ಇರುತ್ತದೆ. ಮೊನ್ನೆ ಅಮ್ಮನ ಜೊತೆ ಜೌಗಿನಲ್ಲಿ ಹಣ್ಣು ಆಯುತ್ತಿದ್ದೆ. "ಬೂಟು ಬಿಚ್ಚೇ, ನೆಲ ಎಷ್ಟು ಮೆತ್ತಗಿದೆ ನೋಡು" ಅಂದಳು ಅಮ್ಮ. ಬಿಚ್ಚೋಣ ಅಂತ ಬಗ್ಗಿದೆ, ಎಚ್ಚರವಾಯಿತು. ಏನೂ ಇಲ್ಲ, ಗಾಳಿಗೆ ಹಗ್ಗ ಬಿಗಿದ ಸದ್ದು ಅಷ್ಟೆ. ಅಮ್ಮ ಇನ್ನೇನು ಹೇಳುವವಳಿದ್ದಳೋ.

ಇದು ಕೆಲಸವೋ ಅಲ್ಲವೋ, ಇಷ್ಟು ಓದಿದವಳು ನೀನೇ ಹೇಳು.

ನಿನ್ನ ಅಕ್ಕ
ಬೋರ್ಘಿಲ್ಡ್


ಓಸ್ಲೋ
ಫೆಬ್ರವರಿ ೨೧

ಅಕ್ಕ,

ಬೈದಾದರೂ ಬರೆದೆಯಲ್ಲ, ಅದೇ ಸಂತೋಷ. ಮಾತುಕತೆ ಮುಗಿಯುವ ತನಕ ಫೋನು ಬೇಡ. ಎರಡು ಕಡೆಯವರು ಫೋನಿನಲ್ಲಿ ಪಿಸಿಪಿಸಿ ಅಂದರು ಅಂತ ಆಗಬಾರದು. ಕಾಗದವಾದರೆ ನಿನ್ನ ದ್ವೀಪ ಮುಟ್ಟುವಷ್ಟರಲ್ಲಿ ಅದರೊಳಗಿನ ಗುಟ್ಟು ಹಳಸಿರುತ್ತದೆ, ಯಾರಿಗೂ ಅಪಾಯವಿಲ್ಲ.

ಈ ಕೆಲಸ ಒಪ್ಪುವ ಮೊದಲೇ ನಮ್ಮ ಮೇಲಿನವನಾದ ರೋಲ್ಫ್‌ಗೆ ಹೇಳಿದ್ದೆ: ನಮ್ಮಕ್ಕ ಅದೇ ಹಡಗಿನಲ್ಲಿದ್ದಾಳೆ, ಅಲ್ಲಿನ ನೌಕರರ ಸಂಘದ ಪ್ರತಿನಿಧಿಯೂ ಅವಳೇ ಅಂತ. ಅವನು ನಕ್ಕುಬಿಟ್ಟ. "ಇಷ್ಟು ಚಿಕ್ಕ ದೇಶದಲ್ಲಿ ಯಾರು ಯಾರ ತಂಗಿ ಅಲ್ಲ ಹೇಳು? ಅದನ್ನೆಲ್ಲ ನೋಡ್ತಾ ಕೂತ್ರೆ ಡೆನ್ಮಾರ್ಕಿಂದ ವಕೀಲರನ್ನ ತರಿಸ್ಬೇಕಾಗುತ್ತೆ" ಎಂದ.

ಆಸ್ಪತ್ರೆಯಲ್ಲಿ ಕರೆ ಕಾಯುತ್ತ ಮಲಗಿದ ಡಾಕ್ಟರ ನಿದ್ದೆಯೂ ಕೆಲಸವೇ ಅಂತ ಲಕ್ಸೆಂಬರ್ಗಿನಲ್ಲಿರುವ ಯುರೋಪಿನ ನ್ಯಾಯಾಲಯ ಹೇಳಿದೆ. ನಿಮ್ಮ ಸಂಘದವರು ಅದನ್ನೇ ಹಿಡಿದು ಬರುತ್ತಾರೆ, ಗೊತ್ತು. ಆದರೆ ಹಡಗಿನವರಿಗೆ ನಿಯಮ ಬೇರೆ. ಅಲ್ಲದೆ ನಮ್ಮ ದೇಶ ಆ ಯುರೋಪಿನ ಒಕ್ಕೂಟದೊಳಗೆ ಇಲ್ಲವೇ ಇಲ್ಲ, ಆದರೂ ಅದರ ಕಾನೂನು ಒಂದೊಂದಾಗಿ ಬಂದು ನಮ್ಮ ಮನೆ ಸೇರುತ್ತಿದೆ. ಮದುವೆಯಾಗದೆ ಅತ್ತೆಯ ಮಾತು ಕೇಳುವ ಹಾಗೆ.

ನನ್ನ ಅಭಿಪ್ರಾಯ ಕೇಳಿದೆ. ನಿದ್ದೆ ನಿದ್ದೆಯೇ, ಅಕ್ಕ. ಮನುಷ್ಯನ ಹತ್ತಿರ ಯಾರ ಲೆಕ್ಕಕ್ಕೂ ಸಿಗದೆ ಉಳಿದಿರುವುದು ಅದೊಂದೇ. ಅದನ್ನೂ ಗಂಟೆ ಕಟ್ಟಿ ಮಾರಿಬಿಟ್ಟರೆ ನಮ್ಮದು ಅಂತ ಏನು ಉಳಿಯುತ್ತದೆ? ಇದು ಕಂಪನಿಯ ಮಾತಲ್ಲ, ನನ್ನದೇ. ಕಂಪನಿಯ ಮಾತು ಇನ್ನೂ ಒರಟು. ನಿದ್ದೆಯನ್ನು ಕೆಲಸ ಅಂದರೆ ಹಡಗನ್ನು ಆಚೆ ದಡದಲ್ಲೇ ನಿಲ್ಲಿಸುತ್ತೇವೆ, ದ್ವೀಪದವರು ಹೆಲಿಕಾಪ್ಟರ್ ಕಾಯಲಿ ಅನ್ನುತ್ತಾರೆ. ಇದನ್ನು ನಾನು ಬರೆಯಬಾರದಿತ್ತು.

ನನಗಂತೂ ಇಲ್ಲಿ ಸರಿಯಾಗಿ ನಿದ್ದೆಯೇ ಇಲ್ಲ. ಹಿಮ ಬಿದ್ದ ದಿನ ಟ್ರಾಮಿನ ಸದ್ದು ಎಲ್ಲೋ ಬೇರೆ ಊರಿನಿಂದ ಬಂದ ಹಾಗೆ ಕೇಳುತ್ತದೆ. ಕಣ್ಣು ಬಿಟ್ಟುಕೊಂಡು ಅದನ್ನೇ ಕೇಳುತ್ತಿರುತ್ತೇನೆ. ಓಡ್ವಾರ್ ಭಾವನಿಗೆ ಲೋಟ ಸರಿಯಾಗಿ ತೊಳೆಯಲು ಹೇಳು.

ನಿನ್ನ
ಊನ್ನಿ


ಲೂಮೋಯ
ಏಪ್ರಿಲ್ ೧೯

ಊನ್ನಿ,

ನಿನ್ನ ಫೆಬ್ರವರಿಯ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಕೋಪ ಬಂದಿತ್ತು. ಮಾತುಕತೆ ಮುರಿದುಬಿದ್ದದ್ದು ನಿನಗೆ ನನಗಿಂತ ಮೊದಲೇ ಗೊತ್ತು.

ಈಗ ನಮ್ಮದು ನಿದ್ದೆ ಮುಷ್ಕರ. ಹಗಲೆಲ್ಲ ಹಡಗು ಓಡಿಸುತ್ತೇವೆ, ಸಂಜೆ ಹಗ್ಗ ಕಟ್ಟಿ, ದೀಪ ಆರಿಸಿ, ಮೂವರೂ ಮನೆಗೆ ಬರುತ್ತೇವೆ. ಅಂಗಡಿಯ ಆಸ್ಬ್ಯೋರ್ನ್ ನಮ್ಮನ್ನು ಕಂಡಾಗೆಲ್ಲ ಮೂಗಿನಲ್ಲಿ ಗೊರಕೆ ಹೊಡೆದು ತೋರಿಸುತ್ತಾನೆ. ನಿನ್ನೆ ಹಾಲು ತರಲು ಹೋದರೆ ಅಷ್ಟು ಜನರ ಮುಂದೆ, "ಬಾರಮ್ಮ, ಗೊರಕೆಗೆ ಸಂಬಳ ಕೇಳೋಳು! ಆಕಳಿಕೆಗೆ ಎಷ್ಟು, ತೂಕಡಿಕೆಗೆ ಎಷ್ಟು?" ಎಂದ. "ನೀನು ಗಲ್ಲಾದಲ್ಲಿ ಕೂತು ಮಾಡೋದೂ ಅದೇ ಅಲ್ವಾ? ಅದಕ್ಕೆ ಬೆಲೆ ನಾವು ಕೊಡ್ತಾ ಇಲ್ವಾ?" ಅಂತ ಹೇಳಿ ಬಂದೆ. ಊರಿನವರಿಗೂ ಒಳಗೊಳಗೆ ಭಯ. ಹಡಗು ಕತ್ತಲಲ್ಲಿ ಖಾಲಿ ನಿಂತಿರುವುದನ್ನು ಯಾರೂ ನೋಡಿಲ್ಲ.

ಮನೆಯಲ್ಲಿ ನನ್ನ ಹಾಸಿಗೆ, ನನ್ನ ದಿಂಬು, ಪಕ್ಕದಲ್ಲಿ ಗಂಡ. ನಿದ್ದೆ ಬರುತ್ತಿಲ್ಲ! ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ, ನನಗೆ ಮನೆಯಲ್ಲೂ ಇಲ್ಲ. ಎದ್ದು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಓಡ್ವಾರ್ ಕಂಬಳಿಯೊಳಗಿನಿಂದಲೇ, "ಏನೇ, ಹಡಗು ಬೇಕಾ ನಾನು ಬೇಕಾ, ಒಂದು ತೀರ್ಮಾನ ಮಾಡು" ಅನ್ನುತ್ತಾನೆ.

ಕೊನೆಗೆ ನಿದ್ದೆ ಬಂದ ದಿನ ಕನಸಿನಲ್ಲಿ ಹಡಗೇ ನಮ್ಮನೆಗೆ ಬಂತು. ನೀರು ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯಲ್ಲಿ ನಿಂತಿತ್ತು, ಒಂದಿಷ್ಟೂ ಸದ್ದಿಲ್ಲ. ಹಡಗು ಮೂತಿಯನ್ನು ಮೇಜಿಗೆ ತಾಗಿಸಿಕೊಂಡು ನಿಂತಿತ್ತು. ನಾನು ಅದಕ್ಕೆ ಕಾಫಿ ಬಗ್ಗಿಸಿಕೊಟ್ಟೆ. ನನ್ನದೇ ಮನೆಯಲ್ಲಿ ನಾನು ನೆಂಟಳಂತೆ ನಿಂತಿದ್ದೆ.

ಇದನ್ನು ನಿನ್ನ ರೋಲ್ಫ್‌ಗೆ ಹೇಳಬೇಡ. ಬೋರ್ಘಿಲ್ಡ್‌ಗೆ ಹಡಗಿನಲ್ಲೇ ಚೆನ್ನಾಗಿ ನಿದ್ದೆ ಬರುತ್ತದಂತೆ ಅನ್ನುತ್ತಾನೆ. ಅಭ್ಯಾಸವಾಗಿದೆ ಅಂದ ಮಾತ್ರಕ್ಕೆ ಅದು ವಿಶ್ರಾಂತಿ ಆಗುವುದಿಲ್ಲ.

ಬೋರ್ಘಿಲ್ಡ್


ಬೋಡಲ್, ಸಂಧಾನದ ಮನೆ
ಮೇ ೫, ಮಧ್ಯಾಹ್ನ

ಅಕ್ಕ,

ಇದು ಹಳೆಯ ಪಾದ್ರಿಮನೆ. ಒಂದು ಕೋಣೆಯಲ್ಲಿ ನಾವು, ಎದುರು ಕೋಣೆಯಲ್ಲಿ ನಿಮ್ಮ ಸಂಘದವರು, ಮಧ್ಯೆ ಉದ್ದನೆಯ ನಡುಮನೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಸರ್ಕಾರದ ಸಂಧಾನಗಾರ್ತಿ ಟೊರುನ್ ಉಣ್ಣೆಯ ಕಾಲುಚೀಲ ಹಾಕಿಕೊಂಡು ಈ ಕೋಣೆಯಿಂದ ಆ ಕೋಣೆಗೆ ಮಾತು ಹೊತ್ತು ತಿರುಗುತ್ತಾಳೆ. ಬಂದದ್ದೂ ಕೇಳಿಸುವುದಿಲ್ಲ, ಹೋದದ್ದೂ ಕೇಳಿಸುವುದಿಲ್ಲ. ಫೋನುಗಳೆಲ್ಲ ಅವಳ ಮೇಜಿನ ಮೇಲಿನ ಬುಟ್ಟಿಯಲ್ಲಿವೆ. ನಮಗಿರುವ ಕೆಲಸ ಕಾಯುವುದು.

ಮೆಟ್ಟಿಲ ಮೇಲೆ ರೇಡಿಯೋದವರು ಗಾಳಿ ಮೂಸುತ್ತ ನಿಂತಿದ್ದಾರೆ. ಒಪ್ಪಂದವಾದರೆ ಟೊರುನ್ ಕಾದ ಅಚ್ಚಿಗೆ ಏಲಕ್ಕಿ ಹಾಕಿದ ಸಿಹಿ ಹಿಟ್ಟು ಸುರಿದು ವಾಫಲ್ ಹುಯ್ಯುತ್ತಾಳೆ ಅಂತ ಇಡೀ ದೇಶಕ್ಕೆ ಗೊತ್ತು. ಅಡುಗೆಮನೆಯ ಕಿಟಕಿಯಿಂದ ಏಲಕ್ಕಿ ಘಮ್ಮೆಂದರೆ ಸಾಕು, ಸಹಿ ಬೀಳುವ ಮೊದಲೇ ಸುದ್ದಿ ಹೋಗಿರುತ್ತದೆ. ಸದ್ಯಕ್ಕೆ ಬರುತ್ತಿರುವುದು ಹಳೆಯ ಮರದ ವಾಸನೆ ಮಾತ್ರ.

ಹಿಡಿದ ಪಟ್ಟು ಯಾರೂ ಬಿಡುತ್ತಿಲ್ಲ. ನಿನ್ನೆಯಿಂದ ಇಲ್ಲೇ ಇದ್ದೇವೆ. ಕಿಟಕಿಯಾಚೆ ಬರ್ಚ್ ಮರಕ್ಕೆ ಎಳೆ ಎಲೆ ಬರುತ್ತಿದೆ. ನೋಡುತ್ತ ನೋಡುತ್ತ ಅದು ಹಸಿರು ಹೊಗೆಯಂತೆ ಕಾಣಿಸುತ್ತದೆ. ಈ ಕುರ್ಚಿ ತುಂಬ ಮೆತ್ತಗಿದೆ. ಕಣ್ಣು ಎಳೆಯುತ್ತಿದೆ, ಅಕ್ಕ.

ಊನ್ನಿ


ಲೂಮೋಯ
ಮೇ ೭

ಊನ್ನಿ,

ಮೊನ್ನೆ ಸಂಜೆಯ ವಾರ್ತೆಯಲ್ಲಿ, "ಸಂಧಾನದ ಮನೆಯಲ್ಲಿ ವಾಫಲ್ ಹುಯ್ಯುತ್ತಿದ್ದಾರೆ" ಎಂದರು. ಅಷ್ಟೇ ಎಂದರು, ಅಷ್ಟು ಸಾಕಿತ್ತು. ಓಡ್ವಾರ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಆಮೇಲೆ ಸೊಂಟ ಹಿಡಿದುಕೊಂಡು ಕೂತ. ನಮ್ಮ ಸಂಘದವರಿಗೆ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ವಾಫಲ್ ತಿನ್ನುತ್ತಿರಬೇಕು ಅಂದುಕೊಂಡೆವು. ಒಪ್ಪಂದ ಆಯಿತಲ್ಲ ಅಂತ ಮೂವರೂ ಕಂಬಳಿ ಹೊತ್ತು ಹಡಗಿಗೆ ಹೋಗಿ ಮಲಗಿದೆವು.

ಬೆಳಗಿನ ಹೊತ್ತಿಗೆ ಮಂಜು ಇಳಿದಿತ್ತು. ಹಾಲಿನೊಳಗೆ ಕೈಯಾಡಿಸಿದ ಹಾಗೆ, ಕಟ್ಟೆಯೇ ಕಾಣುತ್ತಿರಲಿಲ್ಲ. ಆಗ ಕರೆ ಬಂತು. ಯಾರಿಗೆ ಅಂತೀಯ? ಆಸ್ಬ್ಯೋರ್ನ್‌ಗೆ. ಹೊಟ್ಟೆ ಹಿಡಿದುಕೊಂಡು ಮೂರು ಮಡಿಕೆಯಾಗಿದ್ದ, ಮುಖ ಸುಣ್ಣದಂತಾಗಿತ್ತು. ಆ ಮಂಜಿನಲ್ಲಿ ಹೆಲಿಕಾಪ್ಟರ್ ಏಳುವುದಿಲ್ಲ ಅಂದರು. ನಾನು ಹಗ್ಗ ಬಿಚ್ಚಿದೆ. ಕ್ಯಾಪ್ಟನ್ ಮೆಲ್ಲಗೆ, ಹಡಗಿನ ಸಿಳ್ಳೆ ಊದಿಸುತ್ತ ಹಡಗು ಬಿಟ್ಟ. ನೀರೂ ಇಲ್ಲ, ಆಕಾಶವೂ ಇಲ್ಲ, ಬಿಳುಪಿನೊಳಗೆ ನಾವು ಮೂವರು ಮತ್ತು ನರಳುವ ಆಸ್ಬ್ಯೋರ್ನ್. ಅವನ ಕೈ ಹಿಡಿದು ಕೂತಿದ್ದೆ. ಅಷ್ಟು ನೋವಿನಲ್ಲೂ, "ಬೋರ್ಘಿಲ್ಡ್, ಇದನ್ನ ಗೊರಕೆ ಲೆಕ್ಕಕ್ಕೆ ಸೇರಿಸ್ಬೇಡ್ವೇ, ಬೇರೆ ಬರ್ಕೋ" ಎಂದ. ಕರುಳು ತಿರುಚಿಕೊಂಡಿತ್ತಂತೆ. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ವಾಪಸು ಬಂದು ಕಾಫಿಗೆ ಕೂತಾಗ ತಿಳಿಯಿತು: ಒಪ್ಪಂದ ಆಗಿಯೇ ಇಲ್ಲ. ಯಾರೂ ವಾಫಲ್ ಹುಯ್ದಿಲ್ಲ. ಅಂದರೆ ನಾವು ಮುಷ್ಕರದ ಮಧ್ಯೆ, ಯಾರ ಅಪ್ಪಣೆಯೂ ಇಲ್ಲದೆ ಹೋಗಿ ಮಲಗಿದ್ದೆವು. ಸಂಘದವರು ನನ್ನನ್ನು ಬೈಯುತ್ತಿದ್ದಾರೆ. ಕಂಪನಿಯವರು ಇದರಲ್ಲಿ ಏನು ನೆಪ ಹುಡುಕುತ್ತಾರೋ ಗೊತ್ತಿಲ್ಲ.

ನೀನು ಆ ಮನೆಯೊಳಗೇ ಇದ್ದೆಯಲ್ಲ, ಊನ್ನಿ. ಈ ಸುಳ್ಳು ಹುಟ್ಟಿಸಿದವರು ಯಾರು?

ಬೋರ್ಘಿಲ್ಡ್


ಓಸ್ಲೋ
ಮೇ ೧೬

ಅಕ್ಕ,

ನಾನೇ.

ಸಂಧಾನದ ಮನೆಯಲ್ಲಿ ನಿನಗೆ ಬರೆದ ಆ ಕಾಗದ ಮಡಿಸಿ ಚೀಲದಲ್ಲಿ ಇಟ್ಟದ್ದು ನೆನಪಿದೆ. ಆಮೇಲೆ ನಮ್ಮ ಅಡುಗೆಮನೆ. ಅಮ್ಮ ಬೆಂಚಿನ ಮೇಲೆ ಕೂತಿದ್ದಾಳೆ, ನೀನು ಕಾದ ಕಬ್ಬಿಣದ ಅಚ್ಚಿಗೆ ಹಿಟ್ಟು ಹುಯ್ಯುತ್ತಿದ್ದೀಯ. ಹಿಟ್ಟು ಮುಗಿಯುವುದೇ ಇಲ್ಲ. ಏಲಕ್ಕಿಯ ಘಮಕ್ಕೆ ಬಣ್ಣವಿತ್ತು, ಅಕ್ಕ, ಹಳದಿ ಬಣ್ಣ. ಬಾಗಿಲಲ್ಲಿ ಯಾರೋ ಹೆಂಗಸು ನಿಂತು, "ಏನಾಗ್ತಾ ಇದೆ?" ಎಂದಳು. "ವಾಫಲ್ ಹುಯ್ತಾ ಇದಾರೆ" ಎಂದೆ. ಅಮ್ಮನ ಸ್ನೇಹಿತೆ ಇರಬೇಕು ಅಂದುಕೊಂಡಿದ್ದೆ. ಆದರೆ ಅದು ನಿಜವಾದ ಬಾಗಿಲು, ಆ ಹೆಂಗಸು ರೇಡಿಯೋದವಳು, ನನ್ನ ಕಣ್ಣು ಅರ್ಧ ತೆರೆದಿತ್ತಂತೆ. ಅವಳು ಓಡಿದಳು, ನಾನು ಮತ್ತೆ ನಿದ್ದೆ ಹೋದೆ.

ಮಾರನೆಯ ಬೆಳಿಗ್ಗೆ ರೋಲ್ಫ್ ವಿಮಾನ ಹಿಡಿದು ಬಂದ. ಕೋಣೆಯಲ್ಲಿ ಅವನು, ಕಂಪನಿಯ ಮ್ಯಾನೇಜರ್, ನಾನು. ಟೊರುನ್ ಕಾಫಿ ಹಿಡಿದು ಬಾಗಿಲಲ್ಲಿದ್ದಳು. ಮ್ಯಾನೇಜರ್ ಹಿಗ್ಗಿಹೋಗಿದ್ದ. "ನೋಡಿ, ಯಾರೂ ಹೇಳ್ಲಿಲ್ಲ, ಕೇಳ್ಲಿಲ್ಲ, ಸಂಬಳ ಇಲ್ದೆ ಹೋಗಿ ಮಲಗಿದ್ರು, ಹಡಗೂ ಬಿಟ್ರು. ಇದು ಕೆಲಸ ಅಲ್ಲ ರೀ, ನೆರೆಹೊರೆ ಪ್ರೀತಿ. ಪ್ರೀತಿಗೆ ಯಾರಾದ್ರೂ ಗಂಟೆ ಲೆಕ್ಕ ಹಾಕ್ತಾರಾ?" ಎಂದ. ಅದು ಗೆಲ್ಲುವ ವಾದ, ಅಕ್ಕ. ನನಗೆ ತಕ್ಷಣ ಗೊತ್ತಾಯಿತು.

ಆಮೇಲೆ ರೋಲ್ಫ್ ನನ್ನ ಕಡೆ ತಿರುಗಿ, "ಇನ್ನು ನಿನ್ನ ವಿಷಯ. ಕೆಲಸದ ಹೊತ್ತಲ್ಲಿ ನಿದ್ದೆ ಮಾಡಿ, ದೇಶಕ್ಕೆಲ್ಲ ಇಲ್ಲದ್ದು ಸಾರಿದೀಯ" ಎಂದ.

ನಾಚಿಕೆಯಾಯಿತು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. "ಯಾವ ಹೊತ್ತಲ್ಲಿ ಅಂದೆ, ರೋಲ್ಫ್?" ಎಂದು ಕೇಳಿದೆ. ಬೇಕೆಂದೇ ಜೋರಾಗಿ ಕೇಳಿದೆ.

"ಕೆಲಸದ ಹೊತ್ತಲ್ಲಿ!"

"ಆದ್ರೆ ನಾನು ಮಲಗಿದ್ದೆ. ಕರೆದ್ರೆ ಏಳೋಣ ಅಂತ ಕಾಯ್ತಾ ಮಲಗಿದ್ದೆ."

"ಮಲಗಿದ್ರೇನು? ಅಲ್ಲಿ ಕೂರಿಸಿದ್ದು ನಾವು. ಎಲ್ಲಿಗೂ ಹೋಗೋ ಹಾಗಿರ್ಲಿಲ್ಲ. ಅದು ಕೆಲಸದ ಹೊತ್ತೇ!"

ಹೇಳಿ ಮುಗಿಸಿದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು. ಮ್ಯಾನೇಜರ್ ತನ್ನ ಬೂಟು ನೋಡಿಕೊಂಡ. ಟೊರುನ್ ಕಾಫಿಯನ್ನು ಮೇಜಿನ ಮೇಲಿಟ್ಟು, ಕಾಲುಚೀಲದ ಕಾಲಲ್ಲಿ ಸದ್ದಿಲ್ಲದೆ ನಿಮ್ಮ ಸಂಘದವರಿದ್ದ ಎದುರು ಕೋಣೆಗೆ ಹೊರಟುಹೋದಳು. ಆ ಸಂಜೆಯೇ ನನ್ನನ್ನು ಈ ಮಾತುಕತೆಯಿಂದ ತೆಗೆದರು. ಮನೆಯಲ್ಲಿದ್ದೇನೆ.

ನಿನ್ನನ್ನು ಇನ್ನೊಂದು ಕೇಳಬೇಕು. ಅಮ್ಮ ತೀರಿಕೊಂಡ ವರ್ಷ, ನಾನಿನ್ನೂ ಚಿಕ್ಕವಳು, ನನಗೆ ಉಸಿರು ಕಟ್ಟುವ ಕೆಮ್ಮು. ಅಪ್ಪ ಸಮುದ್ರದ ಮೇಲೆ. ನೀನು ನನ್ನ ಪಕ್ಕದಲ್ಲಿ, ನನ್ನ ಬೆನ್ನ ಮೇಲೆ ಕೈಯಿಟ್ಟು ಮಲಗುತ್ತಿದ್ದೆ. ಕೆಮ್ಮು ಬರುವ ಮೊದಲೇ ಎದ್ದಿರುತ್ತಿದ್ದೆ. ನಿದ್ದೆ ಕೆಲಸವಲ್ಲ ಅಂತ ನಾನು ಇಷ್ಟು ತಿಂಗಳು ವಾದ ಮಾಡಿದ್ದು ಕಂಪನಿಗಾಗಿ ಅಂದುಕೊಂಡಿದ್ದೆ. ಅಲ್ಲ. ಹಡಗಿನಲ್ಲಿ ಮಲಗುವುದು ಕೆಲಸವಾದರೆ ನೀನು ನನ್ನ ಪಕ್ಕ ಮಲಗಿದ್ದೂ ಕೆಲಸವಾಗುತ್ತದೆ. ನನಗೆ ಅದು ಪ್ರೀತಿಯೇ ಆಗಿರಬೇಕು. ಹೌದು ಅನ್ನು, ಅಕ್ಕ.

ನಿನ್ನ
ಊನ್ನಿ


ಲೂಮೋಯ
ಜೂನ್ ೪

ಊನ್ನಿ ಮರಿ,

ಮೊದಲು ಸುದ್ದಿ. ಮೊನ್ನೆ ಸಹಿ ಬಿತ್ತು, ನಾನೂ ಬೋಡಲಿಗೆ ಹೋಗಿದ್ದೆ. ಹಡಗಿನಲ್ಲಿ ಮಲಗಿದ ಗಂಟೆಯೆಲ್ಲ ಕೆಲಸದ ಗಂಟೆ. ಹಡಗು ಇಲ್ಲೇ ನಿಲ್ಲುತ್ತದೆ. ಆಸ್ಬ್ಯೋರ್ನ್ ಆಸ್ಪತ್ರೆಯ ಹಾಸಿಗೆಯಿಂದಲೇ ರೇಡಿಯೋದವರಿಗೆ ಫೋನು ಮಾಡಿ ಕೂಗಾಡಿದ ಮೇಲೆ ಆಚೆ ದಡದಲ್ಲಿ ನಿಲ್ಲಿಸುವ ಮಾತನ್ನು ಯಾರೂ ಎತ್ತಲಿಲ್ಲ. ಗಂಟೆ ಲೆಕ್ಕಕ್ಕೆ ಬಂದ ಮೇಲೆ ಕಾನೂನಿನ ಮಿತಿಯೂ ಬಂತು. ಈಗಿರುವವರೇ ಅಷ್ಟೊಂದು ರಾತ್ರಿಗಳು ಹಡಗಿನಲ್ಲಿ ಮಲಗುವ ಹಾಗಿಲ್ಲ, ಹೊಸಬರನ್ನು ತೆಗೆದುಕೊಳ್ಳುತ್ತಾರೆ. ಓಡ್ವಾರ್‌ಗೆ ಇನ್ನು ಮೇಲೆ ಹೆಂಡತಿಯ ಕಾಟ ಹೆಚ್ಚು. ಟೊರುನ್ ನಿಜವಾದ ವಾಫಲ್ ಹುಯ್ದಳು. ಒಳಗೆ ಸ್ವಲ್ಪ ಹಸಿ ಇತ್ತು. ನಮ್ಮ ಸಂಘದವರು ಅವಳಿಗೆ, "ವಕೀಲೆಯ ಪಾಲಿಂದೂ ಒಂದು ತೆಗೆದಿಡಿ" ಎಂದರು. ಅದನ್ನೂ ನಾನೇ ತಿಂದೆ.

ಈಗ ನೀನು ಕೇಳಿದ್ದು. ಬರೆದು ಹರಿದು, ಬರೆದು ಹರಿದು ಇಷ್ಟು ದಿನ ಹಿಡಿಯಿತು.

ಅದು ಕೆಲಸವೇ ಆಗಿತ್ತು, ಊನ್ನಿ. ನಿನ್ನ ಬೆನ್ನ ಮೇಲಿಟ್ಟ ಕೈ ಜೋಮು ಹಿಡಿಯುತ್ತಿತ್ತು, ತೆಗೆದರೆ ನೀನು ಏಳುತ್ತಿದ್ದೆ. ನನಗೆ ಆಗ ಇಪ್ಪತ್ತು ವರ್ಷ. ಆ ಚಳಿಗಾಲ ಬೋಡಲಿನ ನಾವಿಕರ ಶಾಲೆಯಲ್ಲಿ ನನಗೆ ಜಾಗ ಸಿಕ್ಕಿತ್ತು. ಹೋಗಲಿಲ್ಲ. ಅದಕ್ಕೇ ಈ ಹೊತ್ತಿಗೂ ಹಗ್ಗ ಬಿಚ್ಚುತ್ತೇನೆ, ಚುಕ್ಕಾಣಿ ಹಿಡಿಯುವುದಿಲ್ಲ. ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ. ನಿನ್ನ ಮೇಲೆ ಜೀವವನ್ನೇ ಇಟ್ಟಿದ್ದೆ, ಈಗಲೂ ಇಟ್ಟಿದ್ದೇನೆ. ಆದರೆ ಪ್ರೀತಿ ಇದ್ದರೆ ಕೆಲಸ ಅಲ್ಲ ಅಂತ ನಿನಗೆ ಯಾರು ಹೇಳಿದ್ದು? ಆ ಮ್ಯಾನೇಜರಾ? ಆಸ್ಬ್ಯೋರ್ನ್ ಕೈ ಹಿಡಿದು ಕೂತಾಗಲೂ ನನಗೆ ಅವನ ಮೇಲೆ ಪ್ರೀತಿಯೇ ಇತ್ತು, ಬೆನ್ನೂ ನೋಯುತ್ತಿತ್ತು. ಪ್ರೀತಿ ಅಂದುಬಿಟ್ಟರೆ ಮುಗಿಯಿತು, ಆಮೇಲೆ ಯಾರೂ ನಿನಗೆ ದಣಿವಾಯಿತಾ ಅಂತ ಕೇಳುವುದಿಲ್ಲ. ನೀನೂ ಕೇಳಲಿಲ್ಲ.

ನಿನ್ನ ಅಕ್ಕ
ಬೋರ್ಘಿಲ್ಡ್


ಓಸ್ಲೋ
ಜೂನ್ ೧೩

ಅಕ್ಕ,

ಅದು ಕೆಲಸವಾಗಿತ್ತು.

ದಣಿವಾಯಿತಾ?

ಮುಂದಿನ ವಾರ ಬರುತ್ತೇನೆ, ಬೇಸಿಗೆ ಮುಗಿಯುವ ತನಕ ಇರುತ್ತೇನೆ. ಯಾರು ಕೆಮ್ಮಿದರೂ, ಯಾರು ಬಾಗಿಲು ಬಡಿದರೂ ನಾನು ಏಳುತ್ತೇನೆ. ನೀನು ಮಲಗು.

ಊನ್ನಿ